ಬಾಣಂತನ ಆದದ್ದು ಎಲ್ಲಿ

ಗೃಹಪ್ರವೇಶದ ಊಟ ಅಂದರೆ ನನಗೆ ಹೇಸಿಗೆ. ಊಟದಲ್ಲಿ ಎಂತ ತಪ್ಪಿಲ್ಲ, ಊಟಕ್ಕೆ ಮುಂಚೆ ಮನೆ ತೋರಿಸುತ್ತಾರಲ್ಲ, ಅದು. ಚಪ್ಪಲಿ ಬಿಚ್ಚಿ ಒಳಗೆ ಕಾಲಿಟ್ಟ ಕೂಡಲೇ ಮನೆಯ ಯಜಮಾನಿ ಕೈ ಹಿಡಿದುಕೊಂಡು ಹೊರಡುತ್ತಾಳೆ. ಇದು ಹಾಲ್, ಇದು ಮಾಸ್ಟರ್ ಬೆಡ್‌ರೂಮ್, ಇದು ಮಕ್ಕಳದ್ದು, ಇದು ಗೆಸ್ಟಿಗೆ. ಕೊನೆಗೆ ಕಕ್ಕಸಿನ ಬಾಗಿಲು ತೆಗೆದು, ದೀಪ ಹಾಕಿ, "ಇಂಥದ್ದು ಮೂರು ಉಂಟು, ಎಲ್ಲ ವೆಸ್ಟರ್ನ್" ಅನ್ನುತ್ತಾಳೆ. ನಾವು ಐದಾರು ಹೆಂಗಸರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಒಬ್ಬರ ಹೆಗಲ ಮೇಲಿಂದ ಒಬ್ಬರು ಕಕ್ಕಸಿನೊಳಗೆ ಇಣುಕಿ "ಚೆಂದ ಉಂಟು, ಚೆಂದ ಉಂಟು" ಅನ್ನಬೇಕು. ಥೂ! ಕಕ್ಕಸು ನೋಡಿ ಬಂದವಳು ಆಮೇಲೆ ಪಾಯಸಕ್ಕೆ ಕೈ ಹಾಕುವುದು ಹೇಗೆ ಮಾರಾಯ್ರೆ?

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮವರಿಗೆಲ್ಲ ಈ ಹುಚ್ಚು ಹಿಡಿಯಿತು. ನಮ್ಮವರು ಅಂದರೆ ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಬಂದು ಠಾಣೆ, ಡೊಂಬಿವಲಿ, ಕಲ್ಯಾಣದಲ್ಲಿ ಹೋಟೆಲು, ಆಫೀಸು ಅಂತ ಬೇರು ಬಿಟ್ಟವರು. ಒಬ್ಬರು ಘೋಡ್‌ಬಂದರ್ ರೋಡಿನ ಟವರಿನ ದೊಡ್ಡ ಫ್ಲ್ಯಾಟಿಗೆ ಹೋದರು ಅಂತ ಇನ್ನೊಬ್ಬರು ಹೋದರು. ಹೋದವರು ಸುಮ್ಮನಿರಬಾರದಾ? ಮದುವೆ ಮನೆಯಲ್ಲಿ ಸಿಕ್ಕಿದರೆ ಮೊದಲ ಪ್ರಶ್ನೆಯೇ "ಇನ್ನೂ ಅಲ್ಲೇ ಇದ್ದೀರಾ?" ಆಸ್ಪತ್ರೆಯಲ್ಲಿ ಮಲಗಿದವರನ್ನು ಕೇಳುವ ಹಾಗೆ, ಮುಖ ಸಣ್ಣ ಮಾಡಿಕೊಂಡು.

ಹೌದು, ಅಲ್ಲೇ ಇದ್ದೆವು. ಡೊಂಬಿವಲಿ ಪೂರ್ವದಲ್ಲಿ, ಲಿಫ್ಟಿಲ್ಲದ ಹಳೇ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ, ಒಂದು ರೂಮು, ಒಂದು ಅಡುಗೆಮನೆ. ನಾನು ಮದುವೆಯಾಗಿ ಬಂದ ಮನೆಯೇ ಅದು. ನನ್ನ ಯಜಮಾನರು ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಮೊದಲು ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಆಮೇಲೆ ಮ್ಯಾನೇಜರ್ ಆದವರು. ಮಗಳು ಒಬ್ಬಳೇ. ಮಳೆಗಾಲದಲ್ಲಿ ಕಿಟಕಿಯ ಪಕ್ಕದ ಗೋಡೆ ಒದ್ದೆಯಾಗುತ್ತದೆ, ನೀರು ಬೆಳಿಗ್ಗೆ ಮಾತ್ರ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಲೆಯ ಮುಂದೆ ನಿಂತರೆ ಬಾಗಿಲಿಗೆ ಬಂದವರು ಕಾಣುತ್ತಾರೆ, ಟೀವಿ ಕೇಳುತ್ತದೆ, ಮಗಳು ಓದುತ್ತಿದ್ದಾಳಾ ತೂಕಡಿಸುತ್ತಿದ್ದಾಳಾ ಗೊತ್ತಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಗುಡಿಸಲು ಶುರು ಮಾಡಿದರೆ ಅದು ಉಕ್ಕುವುದರೊಳಗೆ ಇಡೀ ಮನೆ ಗುಡಿಸಿ ಆಗುತ್ತದೆ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಎದುರಿನ ಮನೆಯ ಮರಾಠಿ ಮಾವಶಿಯದ್ದೂ ಹಾಗೇ. ಕಷ್ಟ ಅಂತ ನನಗೆ ಯಾವತ್ತೂ ಅನಿಸಲಿಲ್ಲ. ಅನಿಸಿದೆ ಅಂತ ಒಪ್ಪಿಸಲಿಕ್ಕೆ ಬಂಧುಬಳಗ ಪಟ್ಟ ಪಾಡು ಅಷ್ಟಿಷ್ಟಲ್ಲ.

ಒಂದು ಸಲ ನಾವೂ ನೋಡಲಿಕ್ಕೆ ಹೋದದ್ದುಂಟು. ಕಾಟ ತಡೆಯಲಾರದೆ, ಒಂದು ಭಾನುವಾರ, ಘೋಡ್‌ಬಂದರ್ ರೋಡಿಗೆ. ಬಿಲ್ಡಿಂಗ್ ಇನ್ನೂ ಎದ್ದಿರಲಿಲ್ಲ, ಆದರೆ ಒಂದು ಮಾದರಿ ಫ್ಲ್ಯಾಟ್ ಕಟ್ಟಿ, ಎಸಿ ಹಾಕಿ, ಕಾಫಿ ಕೊಟ್ಟು ತೋರಿಸುತ್ತಿದ್ದರು. ಟೈ ಕಟ್ಟಿದ ಹುಡುಗಿಯೊಬ್ಬಳು "ಸರ್, ಲೈಫ್‌ಸ್ಟೈಲ್" ಅಂತ ಮೂರು ಮಾತಿಗೊಮ್ಮೆ ಹೇಳುತ್ತಿದ್ದಳು. ರೂಮುಗಳು ದೊಡ್ಡದಾಗಿಯೇ ಕಂಡವು. ಇವರು ಹೋಗಿ ಅಲ್ಲಿನ ಮಂಚದ ಮೇಲೆ ಉದ್ದಕ್ಕೆ ಮಲಗಿದರು. ಆ ಹುಡುಗಿ "ಸರ್! ಸರ್!" ಅನ್ನುವಷ್ಟರಲ್ಲಿ ನಾನು ನೋಡುತ್ತೇನೆ, ಇವರ ಕಾಲು ಮಂಚದಿಂದ ಹೊರಗೆ ನೇತಾಡುತ್ತಿದೆ. ಇವರೇನು ತಾಳೆಮರವಲ್ಲ, ನನಗಿಂತ ನಾಲ್ಕು ಬೆರಳು ಎತ್ತರ ಅಷ್ಟೆ. ರೂಮು ದೊಡ್ಡದಾಗಿ ಕಾಣಲಿ ಅಂತ ಗಿಡ್ಡ ಮಂಚ ಮಾಡಿಸಿ ಹಾಕಿದ್ದರು. ಕಪಾಟು ನೋಡಿದರೆ ಅದಕ್ಕೆ ಹ್ಯಾಂಗರ್ ಹಿಡಿಯುವಷ್ಟು ಆಳವೇ ಇಲ್ಲ. ಎಂಥ ಲಜ್ಜೆಗೆಟ್ಟ ಕೆಲಸ! ಇವರು ಎದ್ದು ಶರ್ಟು ಸರಿ ಮಾಡಿಕೊಂಡು, "ನಮ್ಮ ಮನೆಯಲ್ಲಿ ನಾನು ಕಾಲು ಚಾಚಿ ಮಲಗ್ತೇನೆ ಮಾರಾಯ್ತಿ" ಅಂದರು. ಕಾಫಿ ಕುಡಿದು ವಾಪಸು ಬಂದೆವು. ಆ ಮಾತು ಅಲ್ಲಿಗೇ ಮುಗಿಯಿತು.

ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಆದರೆ ಮಗಳನ್ನು ಕೊಟ್ಟದ್ದು ಖಾರ್‌ಘರ್‌ಗೆ, ಟವರುಗಳ ಊರಿಗೇ. ಅಳಿಯ ಒಳ್ಳೆಯವನು, ಬೇಲಾಪುರದಲ್ಲಿ ಆಫೀಸು, ಮಾತು ಕಡಿಮೆ. ಬೀಗರು ಮೊದಲೇ ತೀರಿಹೋಗಿದ್ದರು. ಉಳಿದದ್ದು ಬೀಗಿತ್ತಿ ಮತ್ತು ಆಕೆಯ ಮನೆ. ಟವರಿನ ಮೇಲೆಲ್ಲೋ, ನಾಲ್ಕು ಕೋಣೆ, ಕಾಲಿಟ್ಟರೆ ಜಾರುವ ನೆಲ. ಆಕೆಗೆ ಮನೆ ಅಂದರೆ ಮಗನಿಗಿಂತ ಹೆಚ್ಚು. ಸೋಫಾದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣು. ನಮ್ಮನ್ನು ಕೂರಿಸುವಾಗಲೂ ನಮ್ಮ ಕಾಲು ಎಲ್ಲಿ ಬೀಳುತ್ತದೆ ಅಂತಲೇ ಆಕೆಯ ಕಣ್ಣು. ಪ್ರತಿ ಸಲ ಅಲ್ಲಿಂದ ಬಂದ ಮೇಲೆ ನಾನು ಸ್ನಾನ ಮಾಡುತ್ತಿದ್ದೆ.

ಮಗಳಿಗೆ ದಿನ ನಿಂತಿತು ಅಂತ ಗೊತ್ತಾದಾಗ ನನಗಾದ ಖುಷಿ ಹೇಳಲಿಕ್ಕಾಗದು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದ್ದು. ಬಡವರಿರಲಿ, ಬಲ್ಲಿದರಿರಲಿ, ಮೊದಲ ಹೆರಿಗೆಗೆ ಮಗಳು ಅಮ್ಮನ ಮನೆಗೇ ಬರಬೇಕು. ಒಬ್ಬಳೇ ಮಗಳು ಇದ್ದವಳಿಗೆ ಅದು ಆಯುಷ್ಯದಲ್ಲಿ ಒಂದು ಸಲ ಬರುವ ಭಾಗ್ಯ. ನಾನು ಹಳೇ ನೂಲಿನ ಸೀರೆಗಳನ್ನು ಹರಿದು, ಒಗೆದು, ಮಗುವಿಗೆ ಬಟ್ಟೆ ಮಾಡಿ ಇಟ್ಟೆ. ತಾಮ್ರದ ಹಂಡೆಗೆ ಕಲಾಯಿ ಹಾಕಿಸಿ ತಂದೆ. ಬಾಣಂತಿ ಲೇಹ್ಯಕ್ಕೆ ಊರಿಂದ ಓಲೆಬೆಲ್ಲ ತರಿಸಿದೆ. ಜಾಗದ ಚಿಂತೆ ನನಗೆ ಕನಸಿನಲ್ಲೂ ಬರಲಿಲ್ಲ. ಊರಿಂದ ನೆಂಟರು ಬಂದಾಗಲೆಲ್ಲ ಇವರು ಹೋಟೆಲಿನ ಮಾಳಿಗೆಯಲ್ಲಿ ಮಲಗುವುದು ವಾಡಿಕೆ. ಬಾಣಂತನ ಮುಗಿಯುವವರೆಗೆ ಹಾಗೇ ಮಾಡಿದರಾಯಿತು. ರೂಮು ತಾಯಿ ಮಗುವಿಗೆ, ಅಡುಗೆಮನೆ ನನಗೆ. ಇನ್ನೆಂತ ಬೇಕು?

ಬೀಗಿತ್ತಿ ಜಾಗದ ಮಾತನ್ನು ಸೀಮಂತದ ದಿನ, ತನ್ನ ಮನೆಯ ತುಂಬಿದ ಹಾಲ್‌ನಲ್ಲಿ, ಎಲ್ಲರ ಮುಂದೆ ಎತ್ತಿದಳು. ನಾನು ಮಗಳ ಕೈಗೆ ಹಸಿರು ಬಳೆ ತೊಡಿಸುತ್ತಿದ್ದೆ.

"ಬಾಣಂತನ ನಮ್ಮಲ್ಲೇ ಆಗಲಿ. ಅಲ್ಲಿ ನಿಮಗೇ ಜಾಗ ಇಲ್ಲ, ಪಾಪ. ಮಗುವಿಗೆ ಅಂತಲೇ ಒಂದು ರೂಮು ಮಾಡಿಸಿದ್ದೇನೆ. ನೀವೇ ಬಂದು ಇರಿ, ನಮಗೆ ಭಾರ ಎಂತ ಇಲ್ಲ."

"ಪಾಪ" ಅಂದಳು ನೋಡಿ, ನನ್ನ ಮೈಯೆಲ್ಲ ಉರಿಯಿತು. ಕೂತ ಹೆಂಗಸರೆಲ್ಲ ತಲೆಯಾಡಿಸಿದರು, ಎಂಥ ದೊಡ್ಡ ಮನಸ್ಸು ಅಂತ. ನಾನು ಮಗಳ ಮುಖ ನೋಡಿದೆ. ಅವಳು ಬಳೆ ನೋಡುತ್ತಿದ್ದಳು. ತುಂಬಿದ ಬಸುರಿ ಕೂತಲ್ಲಿ ಜಗಳ ಮಾಡುವವಳು ನಾನಲ್ಲ. ಉಳಿದ ಬಳೆ ತೊಡಿಸಿ ಮುಗಿಸಿದೆ. ಮನೆಗೆ ಬಂದು ಇವರ ಮೇಲೆ ಕೂಗಾಡಿದೆ. ಇವರು "ಹೋಗು ಮಾರಾಯ್ತಿ, ಮಗಳ ಹತ್ತಿರ ಇದ್ದ ಹಾಗೂ ಆಯ್ತು" ಅಂದರು. ಗಂಡಸರಿಗೆ ಎಲ್ಲ ಅಷ್ಟು ಸುಲಭ.

ಹೆರಿಗೆ ಚೆನ್ನಾಗಿ ಆಯಿತು, ಹೆಣ್ಣು ಮಗು. ಆಸ್ಪತ್ರೆಯಿಂದ ಸೀದಾ ಖಾರ್‌ಘರ್‌ಗೆ. ನಾನು ಹಂಡೆ, ಎಣ್ಣೆ, ಲೇಹ್ಯದ ಡಬ್ಬಿ, ಬಟ್ಟೆಯ ಗಂಟು ಎಲ್ಲ ಕಟ್ಟಿಕೊಂಡು ಹೋದೆ. ಹಂಡೆಯನ್ನು ನೋಡಿ ಬೀಗಿತ್ತಿ ಸತ್ತ ಹೆಗ್ಗಣ ನೋಡಿದ ಹಾಗೆ ಹಿಂದೆ ಸರಿದಳು. "ಇದನ್ನು ಎಲ್ಲಿ ಇಡ್ತೀರಿ?" ಅಂದಳು. ನಾಲ್ಕು ಕೋಣೆಯ ಮನೆಯಲ್ಲಿ ಒಂದು ಹಂಡೆ ಇಡಲಿಕ್ಕೆ ಜಾಗ ಸಿಗಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಇಟ್ಟಳು.

ಬಾಣಂತಿಗೆ ಮೈತುಂಬ ಎಣ್ಣೆ ತಿಕ್ಕಬೇಕು. ಆಮೇಲೆ ಸುಡುಸುಡು ನೀರನ್ನು ಚೊಂಬಿನಲ್ಲಿ ತುಂಬಿ ಬೆನ್ನಿಗೆ, ಸೊಂಟಕ್ಕೆ ಬೀಸಿ ಬೀಸಿ ಹೊಡೆಯಬೇಕು. ಅದಕ್ಕೆ ಬೇಕಾದ್ದು ಒರಟು ಕಲ್ಲಿನ ನೆಲ, ಕೂರಲಿಕ್ಕೆ ಒಂದು ಮಣೆ, ಕೈ ಬೀಸಲಿಕ್ಕೆ ಜಾಗ. ಅಲ್ಲಿನ ಬಾತ್‌ರೂಮಿನಲ್ಲಿ ಗಾಜಿನ ಪೆಟ್ಟಿಗೆ. ಒಳಗೆ ಒಬ್ಬರು ನಿಲ್ಲಬಹುದು, ಕೂರುವ ಹಾಗಿಲ್ಲ. ಇನ್ನೊಬ್ಬರು ನೀರು ಎರೆಯುವುದಂತೂ ದೂರದ ಮಾತು. ಗೀಸರಿನಲ್ಲಿ ಎರಡು ಬಕೆಟು ಬಿಸಿ ಬಂದರೆ ಮೂರನೆಯದು ತಣ್ಣಗೆ. ಎಣ್ಣೆ ಡಬ್ಬಿ ಕೈಗೆತ್ತಿಕೊಂಡೆ, ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದಳು. "ಎಣ್ಣೆ ಬೇಡ. ಇಟಲಿಯ ಟೈಲ್ಸ್. ಕಲೆ ಹೋಗುದಿಲ್ಲ." ಹಸಿ ಬಾಣಂತಿಯ ಸೊಂಟಕ್ಕಿಂತ ಟೈಲ್ಸಿನ ಆರೋಗ್ಯ ಮುಖ್ಯ! ಒದ್ದೆ ಬಟ್ಟೆಯಲ್ಲಿ ಮಗಳ ಮೈ ಒರೆಸಿ ಹೊರಗೆ ಬಂದೆ.

ಅಡುಗೆ ಕತೆಯೂ ಅದೇ. ಓಪನ್ ಕಿಚನ್, ಅಂದರೆ ಹಾಲ್‌ಗೂ ಅಡುಗೆಮನೆಗೂ ನಡುವೆ ಗೋಡೆ ಇಲ್ಲ. ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ವಾಸನೆ ಸೋಫಾಕ್ಕೆ ಹಿಡಿಯುತ್ತದಂತೆ. ಪ್ಲಾಸ್ಟಿಕ್ ಹೊದ್ದ ಸೋಫಾಕ್ಕೆ! ಬೆಳ್ಳುಳ್ಳಿ ಇಲ್ಲದೆ, ಓಮ ಹುರಿಯದೆ, ಎಂಥ ಬಾಣಂತಿ ಸಾರು ಮಾಡುವುದು? ಮಾಡಿದ ಸಾರು ಬಿಸಿನೀರಿಗೆ ಮೆಣಸು ಹಾಕಿದ ಹಾಗಿತ್ತು. ಮಗುವಿನ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹಾಕಿದರೆ ಸೊಸೈಟಿಯಿಂದ ಇಂಟರ್‌ಕಾಮ್ ಬಂತು, ಬಿಲ್ಡಿಂಗಿನ ಎದುರಿಗೆ ಬಟ್ಟೆ ಕಾಣಬಾರದು ಅಂತ. ಹಾಗಾಗಿ ಅವೂ ಒಳಗೇ, ಎಸಿ ರೂಮಿನಲ್ಲಿ, ಕುರ್ಚಿಯ ಬೆನ್ನಿಗೆ. ಕಿಟಕಿ ತೆರೆದರೆ ಧೂಳು, ತೆರೆಯಬೇಡಿ. ಅರೆ ಒಣಗಿದ ಉಚ್ಚೆ ಬಟ್ಟೆಯ ವಾಸನೆ, ಅದರ ಮೇಲೆ ಬೀಗಿತ್ತಿ ದಿನಕ್ಕೆ ಹತ್ತು ಸಲ ಹೊಡೆಯುವ ರೂಮ್ ಫ್ರೆಶ್ನರ್. ಗುಲಾಬಿಯೂ ಉಚ್ಚೆಯೂ ಕಲಸಿದ ಆ ಗಾಳಿಯನ್ನು ನನ್ನ ಮೊಮ್ಮಗಳು ಹುಟ್ಟಿದ ವಾರದಲ್ಲೇ ಉಸಿರಾಡಿದಳು.

ಮಗಳು ಎಸಿಯ ಚಳಿಗೆ ಸೊಂಟ ಹಿಡಿದು, ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುತ್ತಿದ್ದಳು. ಎದೆಹಾಲು ಸರಿಯಾಗಿ ಇಳಿಯುತ್ತಿರಲಿಲ್ಲ, ಮಗು ಹಸಿದು ಅಳುತ್ತಿತ್ತು. ಬೀಗಿತ್ತಿ ಪುಡಿ ಹಾಲಿನ ಡಬ್ಬಿ ತಂದು ಮೇಜಿನ ಮೇಲೆ ಇಟ್ಟಳು. ಅದನ್ನು ನೋಡಿ ಮಗಳು ಗೋಡೆಯ ಕಡೆ ತಿರುಗಿದಳು. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ನನ್ನ ಸಿಟ್ಟು ಹಾಳಾಗಿ ಹೋಗಲಿ, ಇಲ್ಲೇ ಇದ್ದರೆ ಈ ಹುಡುಗಿ ಏಳುವುದಿಲ್ಲ ಅನಿಸಿತು.

ಮರುದಿನ ಬೀಗಿತ್ತಿ ಹೊರಗೆ ಹೋದದ್ದು ನೋಡಿ, ಇವತ್ತಾದರೂ ಮಗುವಿಗೆ ಒಂದು ಚೂರು ಹೊಗೆ ತೋರಿಸೋಣ ಅಂದುಕೊಂಡೆ. ಈಗಿನ ಡಾಕ್ಟರುಗಳು ಬೇಡ ಅನ್ನುತ್ತಾರೆ, ಗೊತ್ತು. ನಮ್ಮಲ್ಲಿ ಸ್ನಾನ ಮಾಡಿಸಿದ ಮಗುವಿನ ತಲೆಗೆ ಹೊಗೆ ತೋರಿಸದಿದ್ದರೆ ಸ್ನಾನ ಆದ ಹಾಗೇ ಅಲ್ಲ. ತೆಂಗಿನ ಗೆರಟೆಯನ್ನು ಗ್ಯಾಸಿನ ಮೇಲೆ ಸುಟ್ಟು ಕೆಂಡ ಮಾಡಿದೆ. ಒಂದು ಬಟ್ಟಲಿಗೆ ಹಾಕಿ, ಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಮ, ಸಾಂಬ್ರಾಣಿ ಉದುರಿಸಿದೆ. ಹೊಗೆ ಎದ್ದಿತು. ಆಹಾ, ಆ ಮನೆಗೆ ಬಂದ ಮೇಲೆ ಮೊದಲ ಸಲ ಬಾಣಂತಿ ಕೋಣೆಯ ವಾಸನೆ. ಮಗಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದಳು.

ಅಷ್ಟರಲ್ಲಿ ಸೂರಿನಲ್ಲಿದ್ದ ಬಿಳಿ ಡಬ್ಬಿಯೊಂದು ಕಿರುಚಲು ಶುರು ಮಾಡಿತು. ಅದನ್ನು ನಾನು ಏನೋ ಅಲಂಕಾರದ ದೀಪ ಅಂದುಕೊಂಡಿದ್ದೆ. ಅದರ ಹಿಂದೆ ಇಡೀ ಟವರ್ ಕಿರುಚಿತು. ಮಗು ಬೆಚ್ಚಿ ಕೈಕಾಲು ಬಡಿದು ಅಳತೊಡಗಿತು. ಹೊರಗೆ ಓಡುವ ಸದ್ದು, ಬಾಗಿಲು ಬಡಿಯುವ ಸದ್ದು. ನಾನು ಕೆಂಡದ ಬಟ್ಟಲು ಹಿಡಿದು ನಿಂತಲ್ಲೇ ನಿಂತೆ. ಕೈಯಲ್ಲಿ ಕೆಂಪು ಸಿಲಿಂಡರು ಹಿಡಿದ ಸೆಕ್ಯುರಿಟಿಯವರು ಇಬ್ಬರು, ಅವರ ಹಿಂದೆ ನೈಟಿಯ ಮೇಲೆ ದುಪಟ್ಟಾ ಹೊದ್ದ ಅಕ್ಕಪಕ್ಕದ ಹೆಂಗಸರು, ಬೂಟು ಸಮೇತ ಬಾಣಂತಿ ಕೋಣೆಗೆ ನುಗ್ಗಿದರು. ಹಾಲುಣಿಸಲು ಕೂತ ಮಗಳಿಗೆ ಸೆರಗು ಎಳೆದುಕೊಳ್ಳಲೂ ಹೊತ್ತಿರಲಿಲ್ಲ. "ಆಗ್ ಕಹಾಂ ಹೈ?", ಬೆಂಕಿ ಎಲ್ಲಿ ಅಂತ ಕೇಳಿದರು. ನಾನು ಬಟ್ಟಲು ತೋರಿಸಿದೆ. ಒಬ್ಬಳು ಮೂಗು ಮುಚ್ಚಿಕೊಂಡು "ಛೀ, ಯೇ ಕ್ಯಾ ಬದ್‌ಬೂ ಹೈ" ಅಂದಳು.

ಬೀಗಿತ್ತಿ ಬಂದವಳು ಮಗುವನ್ನು ನೋಡಲಿಲ್ಲ. ಮಗಳನ್ನೂ ನೋಡಲಿಲ್ಲ. ಮೊದಲು ಸೂರು ನೋಡಿದಳು, ಕಪ್ಪಾಗಿದೆಯಾ ಅಂತ. ಆಮೇಲೆ ಪಕ್ಕದ ಮನೆಯವಳಿಗೆ ಸಣ್ಣ ದನಿಯಲ್ಲಿ, "ಸಾರಿ, ಇವರು ಸಣ್ಣ ಮನೆಯಲ್ಲಿ ಇದ್ದವರು, ಗೊತ್ತಾಗುದಿಲ್ಲ" ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮಗಳು ನನ್ನ ಕೈ ಹಿಡಿದಳು. ಇಲ್ಲೇ ಹುಟ್ಟಿ ಬೆಳೆದವಳು ಅವಳು. ನಾನು ಮನೆಯಲ್ಲಿ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತಿದ್ದವಳು. ಅವತ್ತು ತುಳುವಿನಲ್ಲೇ ಅಂದಳು.

"ಅಮ್ಮ, ಇಲ್ಲಡೆ ಪೋಯಿ."

ಮನೆಗೆ ಹೋಗೋಣ. ಅಷ್ಟೇ. ನಾನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಆಫೀಸಿನಿಂದ ಓಡಿ ಬಂದ ಅಳಿಯ ಹೆಂಡತಿಯ ಮುಖ ನೋಡಿದ, ಏನೂ ಕೇಳದೆ ಟ್ಯಾಕ್ಸಿಗೆ ಫೋನ್ ಮಾಡಿದ. ಬೀಗಿತ್ತಿ ಹಿಂದೆ ಮುಂದೆ ಓಡಾಡಿದಳು. "ಇಷ್ಟು ದೊಡ್ಡ ಮನೆ ಬಿಟ್ಟು ಹೋದರೆ ಜನ ಎಂತ ಹೇಳ್ತಾರೆ?" ಅಂದಳು. ಸೊಸೆಗೆ ಎಂತಾಯಿತು ಅಂತ ಒಂದು ಮಾತಿಲ್ಲ. ಅಳಿಯ ಹಂಡೆ ಎತ್ತಿಕೊಂಡು ಹೋಗಿ ಲಿಫ್ಟಿನ ಗುಂಡಿ ಒತ್ತಿದ.

ಡೊಂಬಿವಲಿಯ ಮೆಟ್ಟಿಲು ಹತ್ತುವಾಗ ಮಗಳು ಎರಡು ಕಡೆ ಕೂತು ಸುಧಾರಿಸಿಕೊಂಡಳು. ಲಿಫ್ಟಿದ್ದರೆ ಚೆನ್ನಾಗಿತ್ತು, ಒಪ್ಪುತ್ತೇನೆ. ಎದುರಿನ ಮಾವಶಿ ಬಾಗಿಲಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದವಳು "ಆಲೀಸ್ ಕಾ ಬಾಳ?", ಬಂದೆಯಾ ಮಗಾ ಅಂತ ಎದ್ದು ಮಗುವನ್ನು ಎತ್ತಿಕೊಂಡಳು. ನಾನು ಹಂಡೆಯನ್ನು ಒಲೆಯ ಮೇಲೆ ಇಟ್ಟೆ. ನಮ್ಮ ಅಡುಗೆಮನೆಯ ಮೂಲೆಯಲ್ಲೇ ಮೋರಿ, ಅಂದರೆ ಮೊಣಕಾಲೆತ್ತರದ ಕಟ್ಟೆಯ ಬಚ್ಚಲು, ನೆಲಕ್ಕೆ ಒರಟು ಕಡಪಾ ಕಲ್ಲು. ಒಲೆಯಿಂದ ಬಚ್ಚಲಿಗೆ ಕೈಯಳತೆ ದೂರ, ನೀರು ಆರುವ ಪ್ರಶ್ನೆಯೇ ಇಲ್ಲ. ಮಗಳನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ನೆಲಕ್ಕೆ ಹರಿಯುವಷ್ಟು ಹಚ್ಚಿ, ತಿಕ್ಕಿದೆ. ಸುಡುನೀರು ಬೆನ್ನಿಗೆ ಬಿದ್ದ ಕೂಡಲೇ ಅವಳು "ಅಮ್ಮಾ" ಅಂತ ಒಂದು ಉಸಿರು ಬಿಟ್ಟಳು, ಆಮೇಲೆ ಅತ್ತಳು, ಆಮೇಲೆ ನಕ್ಕಳು. ನಾನೂ ಅತ್ತೆ. ನೀರು ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಕೆಳಗಿನ ಮಹಡಿವರೆಗೂ ಹೋಯಿತು. ಮಗುವಿನ ಬಟ್ಟೆ ಪ್ಯಾಸೇಜಿನಲ್ಲಿ ಬಿಸಿಲಿಗೆ ಹಾರಾಡಿತು. ಮಾವಶಿ ಅಂಟಿನ ಉಂಡೆ ಮಾಡಿ ತಂದಳು. ಇವರು ಹೋಟೆಲಿನ ಮಾಳಿಗೆ ಸೇರಿಕೊಂಡು, ದಿನಾ ಮಧ್ಯಾಹ್ನ ಬಂದು ಮೊಮ್ಮಗಳ ಮುಖ ನೋಡಿ ಹೋಗುತ್ತಿದ್ದರು. ಎದೆಹಾಲು ಇಳಿಯಿತು. ಮಗುವಿನ ಕೆನ್ನೆ ತುಂಬಿತು. ಅಳಿಯ ಆಫೀಸು ಬಿಟ್ಟವನು ಸೀದಾ ನಮ್ಮಲ್ಲಿಗೇ ಬಂದು, ನೆಲದ ಮೇಲೆ ಗೋಡೆಗೆ ಒರಗಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನನ್ನ ಕೈಯ ನೀರುದೋಸೆ ಲೆಕ್ಕವಿಲ್ಲದಷ್ಟು ತಿನ್ನುತ್ತಿದ್ದ. ಆ ಒಂದು ಕೋಣೆಯಲ್ಲಿ ಅಷ್ಟು ಜನ ಇದ್ದೂ ಯಾರೂ ಯಾರ ಕಾಲೂ ತುಳಿಯಲಿಲ್ಲ. ನಾನು ಬದುಕಿನಲ್ಲಿ ಅಷ್ಟು ಸುಖವಾಗಿ ಇದ್ದದ್ದು ಬೇರೆ ನೆನಪಿಲ್ಲ.

ಬಾಣಂತನ ಮುಗಿದ ಮೇಲೆ ಹೆಸರಿಡುವ ಶಾಸ್ತ್ರ ಖಾರ್‌ಘರ್‌ನಲ್ಲಿ. ಅದು ಅವರ ಮನೆಯ ಹಕ್ಕು. ಬೀಗಿತ್ತಿ ಕೈ ಹಿಡಿದು ಎಲ್ಲರಿಗೂ ಮನೆ ತೋರಿಸುತ್ತಿದ್ದಳು. ಮಗುವಿನ ಕೋಣೆಯ ಬಾಗಿಲಲ್ಲಿ ನಿಂತು, "ಬಾಣಂತನ ಪೂರ್ತಿ ಇಲ್ಲೇ ಆಯ್ತು. ಅಲ್ಲಿ ಅವರಿಗೆ ಜಾಗ ಎಲ್ಲಿಂದ?" ಅಂದಳು. ನಾನು ಹಿಂದೆಯೇ ಇದ್ದೆ. ನನಗೆ ಕೇಳಿಸುತ್ತದೆ ಅಂತ ಆಕೆಗೆ ಗೊತ್ತಿತ್ತು. ಒಬ್ಬ ಹೆಂಗಸು ನನ್ನ ಮಗಳ ಕಡೆ ತಿರುಗಿ, "ಹೌದಾ? ಒಳ್ಳೇದಾಯ್ತಲ್ಲ ನಿನಗೆ" ಅಂದಳು.

ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಈಗ ಹೇಳುತ್ತಾಳೆ ಅಂತ ನಾನು ಕಾದೆ. ಅವಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ಹೌದು ಆಂಟಿ, ಇಲ್ಲೇ. ತುಂಬ ಕಂಫರ್ಟಬಲ್ ಆಗಿತ್ತು."

ನನ್ನ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿದೆ. ಯಾರ ಮೇಲೆ ಹೇಸಿಗೆಪಡಲಿ ಅಂತ ಗೊತ್ತಾಗದೆ, ತಟ್ಟೆ ಇಡುವ ನೆಪದಲ್ಲಿ ಅಡುಗೆಮನೆಯ ಹಿಂದೆ ಹೋದೆ. ಅಲ್ಲಿ ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ ಒಂದು ಬಾಲ್ಕನಿ, ಇಬ್ಬರು ಒತ್ತಿ ನಿಂತರೆ ತುಂಬಿತು. ಬೀಗಿತ್ತಿ ಯಾರಿಗೂ ತೋರಿಸದ ಜಾಗ ಅದೊಂದೇ. ನನ್ನ ಹಿಂದೆಯೇ ಮಗಳು ಬಂದಳು. ಬಾಗಿಲು ಎಳೆದುಕೊಂಡಳು. ವಾಷಿಂಗ್ ಮೆಷಿನ್ನಿಗೂ ಕಸದ ಡಬ್ಬಿಗೂ ನಡುವೆ ನನ್ನ ಹೆಗಲಿಗೆ ತಲೆ ಒರಗಿಸಿ, "ಅಮ್ಮ, ನಾನು ಇಲ್ಲೇ ಇರಬೇಕಲ್ಲ" ಅಂದಳು.

ಅವಳ ಬೆನ್ನು ಸವರಿದೆ. ಹೊರಗೆ ಬೀಗಿತ್ತಿ ಇನ್ನೊಂದು ಗುಂಪಿಗೆ ಮನೆ ತೋರಿಸುತ್ತಿರುವುದು ಕೇಳುತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ನನ್ನ ಮಗಳಿಗೆ ಒಂದು ನಿಜ ಹೇಳಲಿಕ್ಕೆ ಸಿಕ್ಕಿದ ಜಾಗ ಅಷ್ಟೇ.